ನೀರು ಕಾಯುವ ಮರಳು

ಈಜುಕೊಳ ಎಂದೊಡನೆ ಕಣ್ಣ ಮುಂದೆ ಬರುವುದು ತಳದ ಹೆಂಚು ಕಾಣುವಷ್ಟು ತಿಳಿಯಾದ ನೀಲಿ ನೀರು. ಆದರೆ ನಿಂತ ನೀರಿಗೆ ತಿಳಿಯಾಗಿ ಉಳಿಯುವ ಗುಣವಿಲ್ಲ. ನಾಲ್ಕು ದಿನ ಬಿಟ್ಟರೆ ಮಬ್ಬಾಗುತ್ತದೆ, ಎಂಟು ದಿನ ಬಿಟ್ಟರೆ ಹಸಿರು ಕಟ್ಟುತ್ತದೆ. ಹಾಗಾಗದಂತೆ ತಡೆಯುವ ಸಾಧನ ಕೊಳದ ಅಂದಚಂದದ ನಡುವೆ ಇರುವುದಿಲ್ಲ. ಹಿಂಬದಿಯ ಪುಟ್ಟ ಕೋಣೆಯಲ್ಲಿ, ಪಂಪಿನ ಪಕ್ಕದಲ್ಲಿ, ಹಂಡೆಯಂತೆ ಹೊಟ್ಟೆ ಉಬ್ಬಿಸಿಕೊಂಡು ಕೂತಿರುತ್ತದೆ. ಅದರ ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಯಾವ ಅದ್ಭುತ ಯಂತ್ರವೂ ಅಲ್ಲ, ಬರೀ ಮರಳು.

ಇಂದು ನಗರಗಳ ಹೊರವಲಯದ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಈಜುಕೊಳ ಅಪರೂಪವಲ್ಲ. ಕೊಳ ಕಟ್ಟಿಸಿದವರಿಗೆ ಮೊದಲ ಬೇಸಿಗೆಯಲ್ಲೇ ಎದುರಾಗುವ ಪ್ರಶ್ನೆಗಳೂ ಒಂದೇ ಬಗೆಯವು. ನೀರೇಕೆ ಮಬ್ಬಾಯಿತು? ಒತ್ತಡ ತೋರಿಸುವ ಮುಳ್ಳು ಏಕೆ ಏರಿದೆ? ಫಿಲ್ಟರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಹೊಸ ಮರಳು ಹಾಕಿಸಿದರೂ ನೀರು ತಿಳಿಯಾಗುತ್ತಿಲ್ಲವೇಕೆ? ಈ ಪ್ರಶ್ನೆಗಳಿಗೆಲ್ಲ ಉತ್ತರ ನೂರು ವರ್ಷಕ್ಕೂ ಹಿಂದೆಯೇ ಸಿಕ್ಕಿದೆ. ಅದಕ್ಕಾಗಿ ಕೆಲವು ನಗರಗಳು ಸಾವಿರಾರು ಜೀವಗಳ ಬೆಲೆ ತೆತ್ತಿವೆ. ಮರಳಿನ ಫಿಲ್ಟರಿನ ಚರಿತ್ರೆ ಬಲ್ಲವರಿಗೆ ಮನೆಯ ಫಿಲ್ಟರಿನ ಕಾಯಿಲೆ ಪತ್ತೆಹಚ್ಚುವುದು ಕಷ್ಟವಲ್ಲ.

ಬಟ್ಟೆ, ಬೀಜ, ಪಟಿಕ

ನೀರನ್ನು ಸೋಸಿ ಕುಡಿಯುವುದು ನಮ್ಮ ಜನಕ್ಕೆ ಹೊಸದಲ್ಲ. ಜೈನರ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಗಾಳಿಸದೆ ಬಳಸುವುದಿಲ್ಲ. ನೀರಿನಲ್ಲಿರುವ ಸೂಕ್ಷ್ಮಜೀವಿಗೂ ಹಿಂಸೆಯಾಗಬಾರದು ಎಂಬುದು ಅದರ ಹಿಂದಿನ ಧರ್ಮ. ಬಟ್ಟೆಯಲ್ಲಿ ಸೋಸುವುದರಿಂದ ಕುಡಿಯುವವರಿಗೂ ಲಾಭವಿದೆ ಎಂಬುದು ಬಹಳ ತಡವಾಗಿ ಸಾಬೀತಾಯಿತು. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆಯಾಗಿ ಮಡಚಿ ನೀರು ಸೋಸುವ ಪ್ರಯೋಗ ನಡೆಸಿದರು. ಅದರಿಂದ ಕಾಲರಾ ಪ್ರಕರಣಗಳು ಶೇಕಡಾ 48ರಷ್ಟು ಕಡಿಮೆಯಾದವು ಎಂಬ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಕಾಲರಾ ರೋಗಾಣು ಬಟ್ಟೆಯ ಎಳೆಗಳ ನಡುವೆ ನುಸುಳುವಷ್ಟು ಚಿಕ್ಕದು. ಆದರೆ ಅದು ಅಂಟಿಕೊಂಡಿರುವ ಪುಟ್ಟ ಜಲಜೀವಿಗಳು ನುಸುಳಲಾರವು. ಹೀಗಾಗಿ ವಾಹನವನ್ನು ತಡೆದಾಗ ಸವಾರನೂ ನಿಂತ.

ಎರಡನೆಯ ಉಪಾಯ ಬೀಜದ್ದು. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ಉಜ್ಜಿ ಕಲಕು ನೀರು ತುಂಬಿದರೆ ಸ್ವಲ್ಪ ಹೊತ್ತಿನಲ್ಲಿ ಮಣ್ಣು ತಳಕ್ಕೆ ಕೂರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಕತಕ ಎಂದು ಹೆಸರು. ಸುಶ್ರುತ ಸಂಹಿತೆಯಲ್ಲಿ ನೀರು ತಿಳಿಗೊಳಿಸುವ ವಸ್ತುಗಳ ಪೈಕಿ ಇದರ ಪ್ರಸ್ತಾಪವಿದೆ. ನುಗ್ಗೆ ಬೀಜಕ್ಕೂ ಇದೇ ಗುಣ. ಹೊಳೆಗೆ ಹೊಸ ನೀರು ಬಂದಾಗ ಕೊಡದೊಳಗೆ ಪಟಿಕದ ತುಂಡನ್ನು ನಾಲ್ಕು ಸುತ್ತು ತಿರುಗಿಸುವ ರೂಢಿಯೂ ಇತ್ತು. ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಅದಕ್ಕೇ ಅವು ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಪಟಿಕವೋ ಚಿಲ್ಲದ ಬೀಜವೋ ಆ ತಳ್ಳಾಟವನ್ನು ನಿಲ್ಲಿಸುತ್ತದೆ. ಆಗ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯಂಥ ಗಂಟುಗಳಾಗಿ ತೂಕ ಪಡೆದು ಇಳಿಯುತ್ತವೆ.

ಸೋಸುವುದು ಮತ್ತು ಗಂಟುಗಟ್ಟಿಸುವುದು, ಇವೆರಡೂ ನಮ್ಮಲ್ಲಿ ಬೇರೆಬೇರೆಯಾಗಿ ಇದ್ದವು. ಇವೆರಡನ್ನೂ ಒಂದು ಮರಳಿನ ಪೆಟ್ಟಿಗೆಯಲ್ಲಿ ಕೂಡಿಸಿ ಇಡೀ ಊರಿಗೆ ನೀರು ಕೊಡುವ ವಿದ್ಯೆ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಬಟ್ಟೆ ಬಿಳುಪಿಸುವವನ ನೀರು

ಸ್ಕಾಟ್ಲೆಂಡಿನ ಪೈಸ್ಲಿ ಜವಳಿಗೆ ಹೆಸರಾದ ಪಟ್ಟಣ. ಕಾಶ್ಮೀರದ ಶಾಲುಗಳ ಮಾವಿನಕಾಯಿ ಚಿತ್ತಾರವನ್ನು ಅನುಕರಿಸಿ ನೇಯ್ದ ಬಟ್ಟೆಗಳಿಂದ ಆ ಚಿತ್ತಾರಕ್ಕೇ ಇಂಗ್ಲಿಷಿನಲ್ಲಿ ಈ ಊರಿನ ಹೆಸರು ಬಂತು. ಅಲ್ಲಿ ಬಟ್ಟೆ ಬಿಳುಪಿಸುವ ಕಾರ್ಖಾನೆ ನಡೆಸುತ್ತಿದ್ದ ಜಾನ್ ಗಿಬ್ ಎಂಬಾತನಿಗೆ ತಿಳಿನೀರು ಬೇಕಾಗಿತ್ತು. 1804ರಲ್ಲಿ ಆತ ನದಿಯ ನೀರನ್ನು ಜಲ್ಲಿ ಮತ್ತು ಮರಳಿನ ಮೂಲಕ ಹಾಯಿಸಿ ಸೋಸುವ ವ್ಯವಸ್ಥೆ ಮಾಡಿದ. ಕಾರ್ಖಾನೆಗೆ ಬೇಕಾಗಿ ಉಳಿದ ನೀರನ್ನು ಗಾಡಿಯಲ್ಲಿ ಹೇರಿ ಊರಿನಲ್ಲಿ ಮಾರಿದ. ಒಂದು ಊರಿನ ಜನಕ್ಕೆ ಮರಳಿನಲ್ಲಿ ಸೋಸಿದ ನೀರು ಸಿಕ್ಕ ಮೊದಲ ಉದಾಹರಣೆಯೆಂದು ಇದನ್ನೇ ಹೇಳುವುದು ವಾಡಿಕೆ.

1829ರಲ್ಲಿ ಲಂಡನ್ನಿನ ಚೆಲ್ಸಿ ನೀರು ಕಂಪನಿಗಾಗಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರ್ ಸುಮಾರು ಒಂದು ಎಕರೆಯಷ್ಟು ದೊಡ್ಡ ಮರಳಿನ ಹಾಸು ನಿರ್ಮಿಸಿದ. ಥೇಮ್ಸ್ ನದಿಯ ನೀರು ಅದರ ಮೇಲೆ ನಿಂತು, ನಿಧಾನವಾಗಿ ಇಳಿದು, ಕೆಳಗಿನ ಕಾಲುವೆಗಳಲ್ಲಿ ತಿಳಿಯಾಗಿ ಹೊರಬರುತ್ತಿತ್ತು. ಆಗಿನ್ನೂ ರೋಗಾಣುಗಳ ವಿಚಾರ ಯಾರಿಗೂ ತಿಳಿದಿರಲಿಲ್ಲ. ನೀರು ಕಣ್ಣಿಗೆ ಚೊಕ್ಕಟವಾಗಿ ಕಂಡರೆ ಸಾಕಿತ್ತು. 1852ರಲ್ಲಿ ಬ್ರಿಟಿಷ್ ಸಂಸತ್ತು ಲಂಡನ್ನಿನ ಮನೆಗಳಿಗೆ ಕೊಡುವ ನದಿಯ ನೀರನ್ನೆಲ್ಲ ಸೋಸಲೇಬೇಕೆಂದು ಕಾನೂನು ಮಾಡಿತು. ಎರಡು ವರ್ಷದ ನಂತರ, 1854ರಲ್ಲಿ, ವೈದ್ಯ ಜಾನ್ ಸ್ನೋ ಕಾಲರಾ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಕೆಟ್ಟ ನೀರಿನಿಂದ ಎಂದು ಲೆಕ್ಕ ಹಾಕಿ ತೋರಿಸಿದ. ಆದರೂ ಒಪ್ಪದವರು ಬಹಳ ಜನ. ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷ್ಯ ಸಿಕ್ಕಿದ್ದು ಜರ್ಮನಿಯಲ್ಲಿ.

ಒಂದೇ ನದಿ, ಎರಡು ಊರು

ಎಲ್ಬ್ ನದಿಯ ದಡದಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಊರುಗಳು ಅಂಟಿಕೊಂಡಂತೆ ಇದ್ದವು. ಈಗ ಆಲ್ಟೋನಾ ಹ್ಯಾಂಬರ್ಗಿನದೇ ಒಂದು ಭಾಗ, ಆಗ ಬೇರೆ ಆಡಳಿತ. ಹ್ಯಾಂಬರ್ಗ್ ನದಿಯ ಮೇಲ್ಭಾಗದಿಂದ ನೀರೆತ್ತಿ ಸೋಸದೆ ಹಾಗೆಯೇ ಮನೆಗಳಿಗೆ ಹರಿಸುತ್ತಿತ್ತು. ಆಲ್ಟೋನಾ ನೀರೆತ್ತುತ್ತಿದ್ದುದು ಕೆಳಭಾಗದಲ್ಲಿ. ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲಿನ ನೀರು ಅದು. ಆದರೆ ಆಲ್ಟೋನಾ ಅದನ್ನು ಮರಳಿನ ಹಾಸಿನಲ್ಲಿ ಸೋಸುತ್ತಿತ್ತು. ಹ್ಯಾಂಬರ್ಗಿನಲ್ಲೂ ಫಿಲ್ಟರ್ ಕಟ್ಟುವ ಮಾತು ಬಹು ಕಾಲದಿಂದ ಇತ್ತು. ಖರ್ಚಿನ ಚರ್ಚೆಯಲ್ಲೇ ವರ್ಷಗಳು ಕಳೆದು, ಕೆಲಸ ಆರಂಭವಾದರೂ ಮುಗಿದಿರಲಿಲ್ಲ.

1892ರ ಆಗಸ್ಟಿನಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ ಸುಮಾರು 17 ಸಾವಿರ ಜನ ಕಾಯಿಲೆ ಬಿದ್ದರು. 8,600ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಲ್ಟೋನಾದಲ್ಲಿ ರೋಗ ಅಷ್ಟಾಗಿ ತಲೆಯೆತ್ತಲೇ ಇಲ್ಲ. ಬರ್ಲಿನ್ನಿನಿಂದ ಬಂದ ರಾಬರ್ಟ್ ಕಾಕ್, ಕಾಲರಾ ರೋಗಾಣುವನ್ನು 1884ರಲ್ಲಿ ಕಲ್ಕತ್ತೆಯಲ್ಲಿ ಗುರುತಿಸಿದ್ದ ಅದೇ ವಿಜ್ಞಾನಿ, ಎರಡೂ ಊರುಗಳ ಗಡಿಯನ್ನು ನೋಡಿದರು. ಗಡಿಯ ರಸ್ತೆಯ ಒಂದು ಮಗ್ಗುಲಿನಲ್ಲಿ ಸಾವು, ಇನ್ನೊಂದು ಮಗ್ಗುಲಿನಲ್ಲಿ ಇಲ್ಲ. ಮಣ್ಣು ಒಂದೇ, ಗಾಳಿ ಒಂದೇ, ಜನ ಒಂದೇ. ಬೇರೆಯಾಗಿದ್ದುದು ನಲ್ಲಿ ಮಾತ್ರ. ಹ್ಯಾಂಬರ್ಗಿನ ಗಡಿಯೊಳಗೇ ಇದ್ದರೂ ಆಲ್ಟೋನಾದ ನೀರು ಪಡೆಯುತ್ತಿದ್ದ ಒಂದು ವಠಾರದಲ್ಲಿ ಯಾರಿಗೂ ಕಾಲರಾ ಬರಲಿಲ್ಲ. ಹ್ಯಾಂಬರ್ಗ್ ಮರುವರ್ಷವೇ, 1893ರಲ್ಲಿ, ತನ್ನ ಫಿಲ್ಟರ್‌ಗಳನ್ನು ಪೂರೈಸಿತು.

ಆದರೆ ಕಥೆಯ ಮುಖ್ಯ ಭಾಗ ಇನ್ನೂ ಇದೆ. 1893ರ ಆರಂಭದ ಚಳಿಯಲ್ಲಿ, ಸೋಸಿದ ನೀರು ಕುಡಿಯುತ್ತಿದ್ದ ಆಲ್ಟೋನಾದಲ್ಲೇ ಕಾಲರಾ ಕಾಣಿಸಿಕೊಂಡಿತು. ಫಿಲ್ಟರ್ ಇದ್ದೂ ಹೀಗಾಯಿತಲ್ಲ! ಕಾಕ್ ಮತ್ತೆ ವಿಚಾರಣೆ ನಡೆಸಿದರು. ಹಾಸುಗಳಲ್ಲಿ ಒಂದನ್ನು ಹಿಮ ಬೀಳುವ ಕಾಲದಲ್ಲಿ ಬರಿದು ಮಾಡಿ, ಮೇಲಿನ ಪದರ ಹೆರೆದು ಸ್ವಚ್ಛಗೊಳಿಸಿದ್ದರು. ಆಗ ಮರಳು ಹೆಪ್ಪುಗಟ್ಟಿತ್ತು. ಆ ಹಾಸು ಸರಿಯಾಗಿ ಸೋಸದೆ ರೋಗಾಣುಗಳನ್ನು ಹಾಗೆಯೇ ಬಿಟ್ಟುಕೊಟ್ಟಿತ್ತು. ಇದು ಮರಳಿನ ಫಿಲ್ಟರಿನ ದೋಷ ಹುಡುಕಿದ ಚರಿತ್ರೆಯಲ್ಲೇ ಪ್ರಸಿದ್ಧವಾದ ಪ್ರಕರಣ.

ಕಾಕ್ ಇದರಿಂದ ತೆಗೆದ ಪಾಠ ಸರಳ. ಸೋಸುವುದು ಬರೀ ಮರಳಲ್ಲ. ಮರಳಿನ ಮೇಲೆ ದಿನಗಳೆದಂತೆ ಕಟ್ಟುವ ಲೋಳೆಯಂಥ ತೆಳುಪದರವೇ ರೋಗಾಣುಗಳನ್ನು ಹಿಡಿಯುವುದು. ಅದನ್ನು ಹೆರೆದು ತೆಗೆದ ಕೂಡಲೇ ಬರುವ ನೀರು ನಂಬಿಕೆಗೆ ಅರ್ಹವಲ್ಲ, ಅದನ್ನು ಹೊರಗೆ ಚೆಲ್ಲಬೇಕು. ನೀರು ಗಂಟೆಗೆ 100 ಮಿಲಿಮೀಟರಿಗಿಂತ ವೇಗವಾಗಿ ಇಳಿಯಬಾರದು. ಪ್ರತಿಯೊಂದು ಹಾಸಿನ ನೀರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಫಿಲ್ಟರ್ ಇದ್ದರೆ ಸಾಲದು, ಅದನ್ನು ಕಾಯುವವರು ಇರಬೇಕು ಎಂಬುದು ಒಟ್ಟು ತಾತ್ಪರ್ಯ.

ಅವಸರದ ಮರಳು

ನಿಧಾನದ ಮರಳಿಗೆ ಎಕರೆಗಟ್ಟಲೆ ಜಾಗ ಬೇಕು. ಅಮೆರಿಕದ ನದಿಗಳಲ್ಲಿ ಕೆಸರು ಹೆಚ್ಚು. ಅಂಥ ನೀರು ಬಿಟ್ಟರೆ ಹಾಸು ಬೇಗನೆ ಕಟ್ಟಿಕೊಳ್ಳುತ್ತದೆ. ಅಲ್ಲಿಯವರು ಬೇರೆ ದಾರಿ ಹುಡುಕಿದರು. ಮೊದಲು ನೀರಿಗೆ ಪಟಿಕ ಸೇರಿಸಿ ಕೊಳೆಯನ್ನು ಗಂಟುಗಟ್ಟಿಸುವುದು, ಆಮೇಲೆ ಚಿಕ್ಕ ಪೆಟ್ಟಿಗೆಯ ಮರಳಿನಲ್ಲಿ ವೇಗವಾಗಿ ಸೋಸುವುದು, ಮರಳು ಕಟ್ಟಿಕೊಂಡಾಗ ಅದೇ ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸವಾಗಿ ನುಗ್ಗಿಸಿ ತೊಳೆಯುವುದು. ಸೆಲ್ಯುಲಾಯ್ಡ್ ತಯಾರಿಕೆಗೆ ಹೆಸರಾದ ಜಾನ್ ವೆಸ್ಲಿ ಹಯಾಟ್ ಮತ್ತು ಆತನ ಅಣ್ಣ ಐಸೇಯಾ ಈ ಬಗೆಯ ಫಿಲ್ಟರಿಗೆ 1880ರ ದಶಕದಲ್ಲಿ ಪೇಟೆಂಟ್ ಪಡೆದವರಲ್ಲಿ ಪ್ರಮುಖರು.

ಅವಸರದ ಮರಳನ್ನು ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಓಹಾಯೋ ನದಿಯ ಕೆಂಪು ಕೆಸರಿನ ನೀರಿನ ಮೇಲೆ 1895ರಿಂದ 1897ರವರೆಗೆ ಜಾರ್ಜ್ ಫುಲ್ಲರ್ ಎಂಬ ಯುವಕ ಹಲವು ಕಂಪನಿಗಳ ಫಿಲ್ಟರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದ. ಫಿಲ್ಟರ್ ಯಾವ ಕಂಪನಿಯದು ಎನ್ನುವುದಕ್ಕಿಂತ ನೀರನ್ನು ಮೊದಲು ಪಟಿಕದಿಂದ ಎಷ್ಟು ಚೆನ್ನಾಗಿ ಹದಗೊಳಿಸಲಾಗಿದೆ ಎನ್ನುವುದೇ ಮುಖ್ಯ ಎಂದು ಆತನ ಅಧ್ಯಯನ ತೋರಿಸಿತು. 1902ರಲ್ಲಿ ನ್ಯೂಜೆರ್ಸಿಯ ಲಿಟಲ್ ಫಾಲ್ಸ್‌ನಲ್ಲಿ ಆತ ಕಟ್ಟಿದ ಘಟಕ ಮುಂದಿನ ಎಲ್ಲ ನಗರಗಳಿಗೂ ಮಾದರಿಯಾಯಿತು. 1908ರಲ್ಲಿ ಅದೇ ರಾಜ್ಯದ ಜೆರ್ಸಿ ಸಿಟಿಯ ನೀರಿಗೆ ವೈದ್ಯ ಜಾನ್ ಲೀಲ್ ನಿರಂತರವಾಗಿ ಕ್ಲೋರಿನ್ ಸೇರಿಸುವ ಕ್ರಮ ಆರಂಭಿಸಿದರು. ಪಟಿಕ, ಮರಳು, ಕ್ಲೋರಿನ್, ಈ ಮೂರು ಹೆಜ್ಜೆಗಳ ಕ್ರಮ ಇಂದಿಗೂ ಬದಲಾಗಿಲ್ಲ.

ಮಲ್ಲೇಶ್ವರದ 'ಜ್ಯುವೆಲ್'

ಲೂಯಿವಿಲ್‌ನಲ್ಲಿ ಪರೀಕ್ಷೆಗೆ ನಿಂತಿದ್ದ ಫಿಲ್ಟರ್‌ಗಳಲ್ಲಿ ಒಂದು ಚಿಕಾಗೋ ನಗರದ ಜ್ಯುವೆಲ್ ಕಂಪನಿಯದು. ಬೆಂಗಳೂರಿನ ಹಳಬರಿಗೆ ಈ ಹೆಸರು ಹೊಸದಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬೆಂಗಳೂರು ಬದುಕಿದ್ದು ಕೆರೆ, ಬಾವಿ, ಕಲ್ಯಾಣಿಗಳ ನೀರಿನಿಂದ. ಪೇಟೆಗೆ ಧರ್ಮಾಂಬುಧಿ, ದಂಡಿನವರಿಗೆ ಹಲಸೂರು ಕೆರೆ. ಊರು ಬೆಳೆದಂತೆ ಕೆರೆಗಳು ಕೊಳೆತವು, ಮಳೆ ಕೈಕೊಟ್ಟ ವರ್ಷ ಒಣಗಿದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ಹಿಡಿದು ತರುವ ಯೋಜನೆ 1894ರಲ್ಲಿ ಕೈಗೆತ್ತಿಕೊಂಡಿತು. ಅದಕ್ಕೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರಾಯಿತು. 1896ರಲ್ಲಿ ನೀರು ಊರಿಗೆ ಬಂತು. ಹೆಸರಘಟ್ಟದಿಂದ ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಉಗಿಯಂತ್ರದ ಪಂಪುಗಳಿಂದ ಮಲ್ಲೇಶ್ವರದತ್ತ ಸಾಗುತ್ತಿತ್ತು. ಮಲ್ಲೇಶ್ವರದಲ್ಲಿ ಅದನ್ನು ಸೋಸಲು ಬಂದದ್ದೇ ಈ ಜ್ಯುವೆಲ್ ಫಿಲ್ಟರ್. ಜಲಮಂಡಳಿಯ ಆ ಜಾಗಕ್ಕೆ ಇಂದಿಗೂ 'ಕಂಬೈಂಡ್ ಜ್ಯುವೆಲ್ ಫಿಲ್ಟರ್' ಎಂಬ ಹೆಸರೇ ಉಳಿದಿದೆ. ಹೆಸರು ಕೇಳಿ ಒಡವೆಗೂ ನೀರಿಗೂ ಏನು ನಂಟು ಎಂದು ಅಚ್ಚರಿಪಡಬೇಕಿಲ್ಲ, ಅದು ತಯಾರಕನ ಮನೆತನದ ಹೆಸರು.

ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ ಬಂದವು. ನೀರಿನ ಮೂಲ ದೂರವಾಗುತ್ತಾ ಹೋಯಿತು. ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ತಿಳಿಗೊಳಿಸುವಾಗಲೂ ಮರಳಿನ ಹಾಸಿನ ಕೆಲಸ ತಪ್ಪಿಲ್ಲ.

ಕೊಳಕ್ಕೆ ಬಂದ ಮರಳು

ಸ್ನಾನಕ್ಕೂ ಈಜಿಗೂ ಕೊಳ ಕಟ್ಟುವುದು ಮೊಹೆಂಜೊದಾರೊ ಕಾಲದ ವಿದ್ಯೆ. ಅಲ್ಲಿನ ಮಹಾಸ್ನಾನಗೃಹದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ನೀರು ಸೋರದಂತೆ ಇಟ್ಟಿಗೆಗೆ ಡಾಂಬರಿನಂಥ ಅಂಟು ಬಳಿದಿದ್ದಾರೆ, ಒಂದು ಮೂಲೆಯಲ್ಲಿ ನೀರು ಬಿಡಲು ಮೋರಿ ಇದೆ. ಹಂಪಿಯ ಮೆಟ್ಟಿಲು ಪುಷ್ಕರಣಿಗೆ ಕಲ್ಲಿನ ಕಾಲುವೆಯಲ್ಲಿ ನೀರು ಬರುತ್ತಿತ್ತು. ಎಲ್ಲ ಕಡೆಯೂ ಕ್ರಮ ಒಂದೇ: ತುಂಬುವುದು, ಬಳಸುವುದು, ಕೆಟ್ಟಾಗ ಹೊರಬಿಡುವುದು.

ಬ್ರಿಟನ್ನಿನಲ್ಲಿ 1846ರ ಕಾನೂನಿನಂತೆ ಊರೂರಿಗೆ ಸಾರ್ವಜನಿಕ ಸ್ನಾನಗೃಹಗಳು ಬಂದಾಗಲೂ ಇದೇ ಕ್ರಮ ನಡೆದಿತ್ತು. ಕೊಳಕ್ಕೆ ಹೊಸ ನೀರು ತುಂಬಿದ ದಿನ ಟಿಕೆಟ್ಟಿಗೆ ಹೆಚ್ಚಿನ ದರ. ದಿನ ಕಳೆದಂತೆ ನೀರು ಬಣ್ಣಗೆಟ್ಟು, ದರವೂ ಇಳಿಯುತ್ತಿತ್ತು. ಕೊನೆಯ ದಿನದ ಅಗ್ಗದ ನೀರಿಗೆ ಬರುತ್ತಿದ್ದವರು ಬಡವರು. ಬಡತನಕ್ಕೂ ಕೊಳಕು ನೀರಿಗೂ ಇರುವ ನಂಟು ಎಲ್ಲ ಕಾಲದಲ್ಲೂ ಒಂದೇ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕ್ರಮ ಬದಲಾಯಿತು. ನಗರಗಳ ನೀರಿಗೆ ಬಂದ ವೇಗದ ಮರಳನ್ನೇ ಕೊಳದ ಪಕ್ಕಕ್ಕೂ ತಂದರು. ನೀರನ್ನು ಚೆಲ್ಲುವ ಬದಲು ಪಂಪಿನಿಂದ ಎಳೆದು, ಸೋಸಿ, ಕ್ಲೋರಿನ್ ಬೆರೆಸಿ ಅದೇ ಕೊಳಕ್ಕೆ ಮರಳಿಸುವುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಕೊಳದಲ್ಲಿ 1910ರ ಸುಮಾರಿಗೆ ಬ್ಲೀಚಿಂಗ್ ಪೌಡರ್ ಬಳಸಿ ನೋಡಿದ್ದು ಈ ದಿಸೆಯ ಮೊದಲ ಪ್ರಯೋಗಗಳಲ್ಲಿ ಒಂದು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಆಮಶಂಕೆಯ ಪರೋಪಜೀವಿಗಳು ಕ್ಲೋರಿನ್ನಿಗೆ ಬಗ್ಗದಿದ್ದಾಗ ಅಮೆರಿಕದ ಸೈನ್ಯ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪುಡಿಯಿಂದ ಸೋಸುವ ಫಿಲ್ಟರ್ ರೂಪಿಸಿತು. ಯುದ್ಧ ಮುಗಿದ ಮೇಲೆ ಅದೂ ಕೊಳಗಳಿಗೆ ಬಂತು. ಯುದ್ಧಾನಂತರದ ದಶಕಗಳಲ್ಲಿ ಅಮೆರಿಕದ ಮನೆಗಳ ಹಿತ್ತಲಲ್ಲಿ ಕೊಳಗಳು ಹೆಚ್ಚಿದಾಗ, ಮುಚ್ಚಿದ ಹಂಡೆಯೊಳಗೆ ಒತ್ತಡದಿಂದ ನೀರು ನುಗ್ಗಿಸುವ ಇಂದಿನ ಮರಳು ಫಿಲ್ಟರ್ ಮನೆಮಾತಾಯಿತು.

ವೇಗದ ಲೆಕ್ಕ ನೋಡಿ. ಕಾಕ್ ಹೇಳಿದ ಮಿತಿ ಗಂಟೆಗೆ 0.1 ಮೀಟರ್. ಫುಲ್ಲರ್ ಕಾಲದ ವೇಗದ ಮರಳು ಗಂಟೆಗೆ ಸುಮಾರು 5 ಮೀಟರ್. ಮನೆಯ ಕೊಳದ ಫಿಲ್ಟರಿನಲ್ಲಿ ಇದು 40 ಮೀಟರಿನಷ್ಟು, ಎಂದರೆ ಕಾಕ್ ಮಿತಿಯ 400 ಪಟ್ಟು. ಇಷ್ಟು ಅವಸರದಲ್ಲಿ ಒಂದೇ ಸಲಕ್ಕೆ ನೀರು ಶುದ್ಧವಾಗುವುದಿಲ್ಲ. ಅದಕ್ಕೇ ಅದೇ ನೀರು ದಿನಕ್ಕೆ ಹಲವು ಗಂಟೆ ಕಾಲ ಮತ್ತೆ ಮತ್ತೆ ಮರಳಿನ ಮೂಲಕ ಹಾಯಬೇಕು. ವಿದ್ಯುತ್ ಉಳಿಸಲೆಂದು ಪಂಪನ್ನು ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ನೀರು ಮಬ್ಬಾಗುವುದು ಇದೇ ಕಾರಣಕ್ಕೆ.

ಮುಳ್ಳು ಹೇಳುವ ಮಾತು

ಫಿಲ್ಟರಿನ ಮೇಲಿರುವ ಒತ್ತಡಮಾಪಕ ವೈದ್ಯರ ನಾಡಿ ಇದ್ದಂತೆ. ಮರಳು ತೊಳೆದ ಕೂಡಲೇ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಪ್ರತಿ ಫಿಲ್ಟರಿಗೂ ಆ ಅಂಕಿ ಬೇರೆ. ಅಲ್ಲಿಂದ 8ರಿಂದ 10 ಪಿ.ಎಸ್.ಐ. ಏರಿದಾಗ ಮರಳು ಕಟ್ಟಿಕೊಂಡಿದೆ ಎಂದರ್ಥ. ಆಗ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕು. ರೂಢಿಯಲ್ಲಿ ಇದಕ್ಕೆ ಬ್ಯಾಕ್‌ವಾಷ್ ಎನ್ನುತ್ತಾರೆ. ಹೊರಬರುವ ನೀರು ಗಾಜಿನ ಕಿಂಡಿಯಲ್ಲಿ ತಿಳಿಯಾಗಿ ಕಾಣುವವರೆಗೆ ಎರಡು ಮೂರು ನಿಮಿಷ ಸಾಕು.

ಇಲ್ಲಿಯೇ ಬಹಳ ಮಂದಿ ಎಡವುವುದು. ನೀರು ಚೊಕ್ಕಟವಾಗಲಿ ಎಂದು ದಿನಾ ತೊಳೆಯುತ್ತಾರೆ. ಮರಳಿನ ಕಣಗಳ ನಡುವಿನ ಸಂದು ಕೊಳೆಯ ಕಣಗಳಿಗಿಂತ ಎಷ್ಟೋ ದೊಡ್ಡದು. ಮೊದಲು ಅಂಟಿಕೊಂಡ ಕೊಳೆಯೇ ಮುಂದೆ ಬರುವ ಕೊಳೆಯನ್ನು ಹಿಡಿಯುತ್ತದೆ. ಆದ್ದರಿಂದ ತುಸು ಕೊಳೆಯಾದ ಮರಳೇ ಚೆನ್ನಾಗಿ ಸೋಸುವುದು. ದಿನಾ ತೊಳೆದರೆ ಫಿಲ್ಟರ್ ಸದಾ ಎಳೆಗೂಸಾಗಿಯೇ ಉಳಿಯುತ್ತದೆ. ಹೊಸ ಮರಳು ಹಾಕಿಸಿದ ಮೊದಲ ದಿನಗಳಲ್ಲಿ ನೀರು ಮಬ್ಬಾಗಿರುವುದಕ್ಕೂ ಇದೇ ಕಾರಣ. ತೊಳೆದ ಮೇಲೆ ಅರ್ಧ ಅಥವಾ ಒಂದು ನಿಮಿಷ ನೀರನ್ನು ಕೊಳಕ್ಕೆ ಬಿಡದೆ ಹೊರಗೆ ಹಾಯಿಸಬೇಕು ಎಂಬ ನಿಯಮವೂ ಆಲ್ಟೋನಾದ ಪಾಠವೇ. ಫಿಲ್ಟರಿನ ಹಿಡಿಯಲ್ಲಿ ಇದಕ್ಕೆಂದೇ 'ರಿನ್ಸ್' ಎಂಬ ಸ್ಥಾನವಿರುತ್ತದೆ. ಹಿಡಿ ತಿರುಗಿಸುವ ಮೊದಲು ಪಂಪು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ಹರಿದು, ಕೊಳದ ನೀರು ಸದ್ದಿಲ್ಲದೆ ಮೋರಿ ಸೇರುತ್ತದೆ.

ಮುಳ್ಳು ಏರದೆ ಇಳಿದರೆ ದೋಷ ಮರಳಿನದಲ್ಲ. ನೀರು ಫಿಲ್ಟರಿಗೆ ಬರುವ ದಾರಿಯಲ್ಲೇ ತಡೆಯಿದೆ: ಪಂಪಿನ ಮುಂದಿನ ಬುಟ್ಟಿಯಲ್ಲಿ ಎಲೆ ತುಂಬಿರಬಹುದು, ಕೊಳದ ಮಟ್ಟ ಇಳಿದು ಪಂಪು ಗಾಳಿ ಎಳೆಯುತ್ತಿರಬಹುದು. ತೊಳೆದರೂ ಮುಳ್ಳು ಹಳೆಯ ಗುರುತಿಗೆ ಇಳಿಯದಿದ್ದರೆ ಮರಳು ಗಂಟುಗಟ್ಟಿರಬಹುದು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಇದು ಸಾಮಾನ್ಯ. ಸುಣ್ಣ ಕೂತು ಮರಳು ಹೆಂಟೆಯಾಗುತ್ತದೆ, ನೀರು ಹೆಂಟೆಯ ಪಕ್ಕದ ಬಿರುಕಿನಲ್ಲಿ ಸೋಸದೆ ನುಗ್ಗುತ್ತದೆ. ಕೊಳದ ತಳದಲ್ಲಿ, ನೀರು ಮರಳುವ ಬಾಯಿಯ ಎದುರು, ಮರಳಿನ ಪುಟ್ಟ ಗುಡ್ಡೆ ಕಂಡರೆ ಫಿಲ್ಟರಿನ ತಳದ ಸೀಳುಗೊಳವೆ ಮುರಿದಿದೆ ಎಂದೇ ತಿಳಿಯಬೇಕು. ಕೊಳವೆಬಾವಿಯ ನೀರಿಗೆ ಕ್ಲೋರಿನ್ ಹಾಕಿದೊಡನೆ ಕಂದು ಬಣ್ಣ ಬಂದರೆ ಅದು ಕಬ್ಬಿಣದ ಅಂಶ, ಪಾಚಿಯಲ್ಲ. ತೀರಾ ಕಲಕಿದ ಕೊಳಕ್ಕೆ ಸ್ವಲ್ಪ ಪಟಿಕ ಹಾಕಿ, ಪಂಪು ನಿಲ್ಲಿಸಿ, ರಾತ್ರಿಯೆಲ್ಲ ಬಿಟ್ಟು, ತಳಕ್ಕೆ ಕೂತದ್ದನ್ನು ನಿಧಾನವಾಗಿ ಹೀರಿ ಹೊರಹಾಕುವುದುಂಟು. ಹಿಂದೆ ಕೊಡದಲ್ಲಿ ಪಟಿಕ ತಿರುಗಿಸುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ.

ಕ್ಲೋರಿನ್ ಒಂದೇ ಸಾಲದು

ಮಬ್ಬು ನೀರಿಗೆ ಇನ್ನಷ್ಟು ಕ್ಲೋರಿನ್ ಸುರಿದರೆ ಆಯಿತು ಎಂದು ತಿಳಿಯುವವರಿಗೆ 1993ರ ಘಟನೆ ಎಚ್ಚರಿಕೆಯಾಗಬೇಕು. ಆ ವರ್ಷದ ವಸಂತದಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಅಂದಾಜು 4 ಲಕ್ಷ ಜನ ಭೇದಿಯಿಂದ ನರಳಿದರು. ಕಾರಣ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರೋಪಜೀವಿ. ನಗರದ ನೀರಿಗೆ ಕ್ಲೋರಿನ್ ಸೇರಿಸಲಾಗಿತ್ತು. ಆದರೆ ಈ ಜೀವಿಯ ಗಟ್ಟಿ ಚಿಪ್ಪು ಕ್ಲೋರಿನ್ನಿಗೆ ಬಗ್ಗುವುದಿಲ್ಲ. ಅದನ್ನು ತಡೆಯಬೇಕಾದದ್ದು ಫಿಲ್ಟರ್. ನಗರದ ಎರಡು ಘಟಕಗಳಲ್ಲಿ ಒಂದರಲ್ಲಿ ಸೋಸಿದ ನೀರಿನ ಮಬ್ಬು ಆ ದಿನಗಳಲ್ಲಿ ಏರಿತ್ತು. ಮಬ್ಬು ಎಂಬುದು ಕಣ್ಣಿಗೆ ಕಾಣುವ ಅಸಹ್ಯ ಮಾತ್ರವಲ್ಲ, ಫಿಲ್ಟರ್ ಸೋತಿದೆ ಎಂಬ ಸೂಚನೆ.

ಈಜುಕೊಳದಲ್ಲಿ ಅಪಾಯ ಇನ್ನೂ ಹತ್ತಿರ. ಮಕ್ಕಳು ನೀರು ನುಂಗುತ್ತಾರೆ. ತಳ ಕಾಣದಷ್ಟು ಮಬ್ಬಾದ ಕೊಳದಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ಆದ್ದರಿಂದ ಆಳದ ಭಾಗದ ತಳದ ಮೋರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಯಾರನ್ನೂ ನೀರಿಗಿಳಿಸಬಾರದು ಎಂಬುದು ಎಲ್ಲೆಡೆ ಪಾಲಿಸುವ ನಿಯಮ. ಪಂಪಿನ ಸೆಳೆತವಿರುವ ಆ ಮೋರಿಗೆ ಭದ್ರವಾದ ಜಾಲರಿ ಇರಲೇಬೇಕು. ಮಕ್ಕಳು ಸೆಳೆತಕ್ಕೆ ಸಿಕ್ಕಿ ಸತ್ತ ಪ್ರಕರಣಗಳ ನಂತರ ಅಮೆರಿಕದಲ್ಲಿ 2007ರಲ್ಲಿ ಇದಕ್ಕೆಂದೇ ಕಾನೂನು ಬಂತು.

ಚೆಲ್ಲುವ ಲೆಕ್ಕ, ಉಳಿಸುವ ಲೆಕ್ಕ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿ ಟ್ಯಾಂಕರ್‌ಗಳಿಗೆ ಜನ ಸಾಲುಗಟ್ಟಿ ನಿಂತಿದ್ದರು. ಆ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಪಕ್ಕದ ಓಣಿಯಲ್ಲಿ ಕೊಡಗಳು ಸಾಲು ನಿಂತಿರುವಾಗ ಕೊಳ ತುಂಬಿಸುವುದು ಸರಿಯೇ ಎಂಬ ಪ್ರಶ್ನೆ ಆಗ ಎದ್ದಿತು. ಆ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಏಳುವಂಥದೇ.

ಕೊಳ ಇರುವವರಾದರೂ ಫಿಲ್ಟರಿನ ಬೆಲೆ ಅರಿಯಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳದ ಮನೆಯ ಕೊಳದಲ್ಲಿ 41,600 ಲೀಟರ್ ನೀರಿರುತ್ತದೆ. ಫಿಲ್ಟರ್ ಕೆಟ್ಟು, ನೀರು ಹಸಿರಾಗಿ, ಬೇರೆ ದಾರಿ ಕಾಣದೆ ಕೊಳ ಬರಿದು ಮಾಡಿದರೆ ಅಷ್ಟೂ ಮೋರಿಗೆ. ಅದೇ ಕೊಳಕ್ಕೆ 60 ಸೆಂಟಿಮೀಟರ್ ಅಗಲದ ಫಿಲ್ಟರ್ ಇದ್ದು, ಮೂರು ನಿಮಿಷ ತೊಳೆದರೆ ಹೋಗುವುದು ಸುಮಾರು 560 ಲೀಟರ್. ವಾರಕ್ಕೊಮ್ಮೆ ತೊಳೆದರೂ ಒಂದು ಸಲ ಕೊಳ ಬರಿದಾಗುವಷ್ಟು ನೀರು ಹೋಗಲು 74 ವಾರ ಬೇಕು. ದಿನಾ ತೊಳೆದರೆ ಎರಡೂವರೆ ತಿಂಗಳಲ್ಲೇ ಅಷ್ಟು ನೀರು ಹೋಗುತ್ತದೆ, ಮರಳೂ ಸರಿಯಾಗಿ ಸೋಸುವುದಿಲ್ಲ.

ಹೆಸರಘಟ್ಟದ ಕೆರೆಯಿಂದ ಈಗ ಬೆಂಗಳೂರಿಗೆ ನೀರು ಬರುತ್ತಿಲ್ಲ. ಧರ್ಮಾಂಬುಧಿ ಇದ್ದ ಜಾಗದಲ್ಲಿ ಬಸ್ಸುಗಳು ನಿಲ್ಲುತ್ತವೆ. ನೀರು ಕೆಟ್ಟರೆ ಬೇರೆ ನೀರು ತಂದುಕೊಳ್ಳುವ ಕಾಲ ಮುಗಿಯುತ್ತಿದೆ, ಇರುವ ನೀರನ್ನೇ ಸೋಸಿ ಮತ್ತೆ ಬಳಸುವ ಕಾಲ ಬಂದಿದೆ. ಆ ಕೆಲಸಕ್ಕೆ ಇನ್ನೂರು ವರ್ಷದ ಅನುಭವವಿರುವ ಮರಳು ನಮ್ಮ ಬಳಿಯಿದೆ. ಅದು ಕೇಳುವುದು ಹೆಚ್ಚೇನಲ್ಲ. ದಿನಕ್ಕೊಮ್ಮೆ ಮುಳ್ಳಿನ ಕಡೆ ನೋಡುವ ಒಂದು ಜೊತೆ ಕಣ್ಣು, ಬೇಕಾದಾಗ ಮಾತ್ರ ತೊಳೆಯುವ ತಾಳ್ಮೆ.